ಒಬ್ಬರೇನಾ?

ಮಲ್ಲೇಶ್ವರದಲ್ಲಿ ನಾನಿರುವ ಬಾಡಿಗೆ ಮನೆಗೆ ಒಂದೇ ಮಲಗುವ ಕೋಣೆ. ಬಂದವರೆಲ್ಲ ಸುತ್ತ ನೋಡಿ "ಪಾಪ, ಇಷ್ಟೇನಾ?" ಎನ್ನುತ್ತಾರೆ. ಆ ಪಾಪ ನನಗೆ ಬೇಡ. ಮೂರನೆಯ ಮಹಡಿ, ಲಿಫ್ಟ್ ಇಲ್ಲ, ನಿಜ. ಆದರೆ ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಏಳಕ್ಕೆ ದೀಪ ಹಾಕದೆಯೇ ಅಕ್ಕಿಯ ಕಲ್ಲು ಆರಿಸಬಹುದು. ಹಳೆಯ ದೊಡ್ಡ ಮನೆಗಳನ್ನು ಹಾಡಿ ಹೊಗಳುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿ ಬೆಳಕು ಜಗಲಿಗೆ, ಎಂದರೆ ಗಂಡಸರಿಗೆ. ನಮ್ಮ ಅಜ್ಜಿ ಕಣ್ಣು ಕೆಡಿಸಿಕೊಂಡದ್ದು ಹಿಂದಿನ ಹೊಗೆಗೋಣೆಯಲ್ಲಿ.

ಈ ಬಡಾವಣೆ ಬೆಳೆದದ್ದೇ ಗಾಳಿ ಬೆಳಕಿನ ಆಸೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಓಣಿಗಳಿಗೆ ಹೆದರಿದ ಜನ ಇಲ್ಲಿಗೂ ಬಸವನಗುಡಿಗೂ ಬಂದರು. ಅಗಲ ರಸ್ತೆ, ನೇರವಾದ ಕ್ರಾಸುಗಳು, ಮನೆಗಳ ಬೆನ್ನಿಗೆ ಕಸ ಸಾಗಿಸಲೆಂದೇ ಬಿಟ್ಟ ಓಣಿ. ಈಗ ಎಷ್ಟೋ ಹಿತ್ತಿಲು ಹೋಗಿ ಅಪಾರ್ಟ್‌ಮೆಂಟು ಎದ್ದಿವೆ. ಆದರೂ ಬೀದಿ ನಮ್ಮದೇ. ಎಂಟನೇ ಕ್ರಾಸಿನಲ್ಲಿ ಮಾರು ಹಾಕಿ ಹೂ ಅಳೆಯುವವಳು ಹೆಂಗಸು, ಚೌಕಾಸಿ ಮಾಡುವವಳೂ ಹೆಂಗಸು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆಯಲ್ಲಿ ನಸುಕಿಗೇ ಸೀರೆಗೆ ಕ್ಯಾನ್ವಾಸ್ ಶೂ ಹಾಕಿ ನಡೆಯುವವರು ನಮ್ಮವರೇ. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸೂ ಉಚಿತವಾಯಿತು.

ಬೀದಿ ತೆರೆಯಿತು, ಬಸ್ಸು ತೆರೆಯಿತು. ಮನೆಯ ಬಾಗಿಲು ಮಾತ್ರ 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡು ಹೊತ್ತು ನಿಂತಿದೆ. ಮೂವತ್ತು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದವಳು ಫ್ಯಾಮಿಲಿ ಅಲ್ಲ. ಕುಡಿದು ಬಂದು ಪಾತ್ರೆ ಎಸೆಯುವ ಗಂಡನಿದ್ದರೆ ಅದು ಫ್ಯಾಮಿಲಿ! ಜೊತೆಗೆ ಬೆಂಗಳೂರಿನ ಹತ್ತು ತಿಂಗಳ ಮುಂಗಡದ ಪದ್ಧತಿ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಆದರೆ ಮಾದರಿ ಎಂದರೆ ಮಾದರಿ, ಆಯಾ ರಾಜ್ಯ ಒಪ್ಪಿ ಕಾನೂನು ಮಾಡಿದರೆ ಉಂಟು. ಹತ್ತು ತಿಂಗಳ ಹಣ ಒಟ್ಟಿಗೆ ಹೊಂದಿಸಲು ತಂದೆಯನ್ನೋ ಅಣ್ಣನನ್ನೋ ಕೇಳಬೇಕು. ಕೇಳಿದರೆ "ನಮ್ಮ ಮನೆಯಲ್ಲೇ ಇರು" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಗಂಡಸರನ್ನಷ್ಟೇ ಬೈದರೆ ಅರ್ಧ ಸತ್ಯ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದವರಲ್ಲಿ ಹೆಚ್ಚಿನವರು ಮನೆಯೊಡತಿಯರು. ಒಬ್ಬರಂತೂ ಎಪ್ಪತ್ತು ದಾಟಿದವರು, ಮಕ್ಕಳೆಲ್ಲ ಅಮೆರಿಕದಲ್ಲಿ, ಅಷ್ಟು ದೊಡ್ಡ ಮನೆಯಲ್ಲಿ ತಾವೊಬ್ಬರೇ. ಕಾಫಿ ಕೊಟ್ಟರು, ಊರು ಕೇರಿ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, "ಟೀಚರ್, ನೀವು ಒಬ್ಬರೇನಾ ಇರೋದು?"

ಸ್ವಂತ ಮನೆಯಲ್ಲಿ ಒಬ್ಬಳಿದ್ದರೆ ಯಜಮಾನಿ, ಬಾಡಿಗೆಗೆ ಒಬ್ಬಳಿದ್ದರೆ ಅನುಮಾನ! ಇದು ಯಾವ ಲೆಕ್ಕ ತಾಯಿ?

ಈಗಿನ ಮನೆ ಕೊಟ್ಟವರೂ ಹೆಂಗಸೇ. ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ ಎಂದು ಕೇಳಿದರು. ಐದಕ್ಕೆ ಎಂದೆ. ನೀರು ಬರುವ ಹೊತ್ತು ಹೇಳಿ ಬೀಗದ ಕೈ ಕೊಟ್ಟರು. ನಿಮ್ಮಲ್ಲಿ ಯಾರದಾದರೂ ಮೇಲಿನ ಮನೆ ಖಾಲಿಯಿದ್ದರೆ, ಮುಂದಿನ ಸಲ ಒಬ್ಬಳು ಹೆಂಗಸು ಗೇಟಿನ ಮುಂದೆ ನಿಂತಾಗ, ಅಷ್ಟನ್ನೇ ಕೇಳಿ.