ಕಸಬುದಾರನಿಗೆ ಬಡ್ತಿ

ಹೋಟೆಲು ಚಿಕ್ಕದಿದ್ದಾಗ ಯಜಮಾನನೇ ಭಟ್ಟ, ಗಲ್ಲಾದಲ್ಲಿ ಕೂಡುವವನೂ ಅವನೇ. ಶಾಖೆಗಳು ನಾಲ್ಕಾದ ಮೇಲೂ ದೋಸೆಯ ಕಾವಲಿ ಬಿಡಲೊಲ್ಲೆನೆಂದರೆ ವ್ಯಾಪಾರ ಕೆಡುತ್ತದೆ. ಇದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಬಾಂಧವರ ಮಕ್ಕಳು ಈಗ ಸೇರುತ್ತಿರುವ ಕಂಪ್ಯೂಟರ್ ಕಂಪನಿಗಳಲ್ಲಿಯೂ ಇದೇ ಪ್ರಶ್ನೆಯುಂಟು.

ಇನ್ಫೋಸಿಸ್ಸನ್ನೇ ನೋಡಿರಿ. 1981ರಲ್ಲಿ ಪುಣೆಯಲ್ಲಿ ನಮ್ಮ ನಾಡಿನ ಎನ್. ಆರ್. ನಾರಾಯಣ ಮೂರ್ತಿಯವರ ಮುಂದಾಳುತನದಲ್ಲಿ ಏಳು ಮಂದಿ ಇಂಜಿನಿಯರರು ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಅದನ್ನು ಆರಂಭಿಸಿದರು. ಏಳು ಮಂದಿಯೂ ಕಂಪ್ಯೂಟರಿನ ಕಸಬು ಬಲ್ಲವರೇ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂದು ಬೆಳೆದಂತೆ ಹೊಣೆಗಳು ಹಂಚಿಹೋದುವು. ಇಂಜಿನಿಯರರಾದ ಎನ್. ಎಸ್. ರಾಘವನ್ನರು ಜನರ ನೇಮಕವನ್ನೂ ಶಿಕ್ಷಣವನ್ನೂ ನೋಡಿಕೊಳ್ಳಬೇಕಾಯಿತು. ತಾನೇ ಮಾಡುವ ಕೆಲಸ ಕಡಿಮೆಯಾಗಿ, ಕಲಿಸುವುದೂ ಮಾಡಿಸುವುದೂ ಹೆಚ್ಚಾಯಿತು. ಸ್ಥಾಪಕರಲ್ಲದವರೊಬ್ಬರು ಅಲ್ಲಿ ಮುಖ್ಯಾಧಿಕಾರಿಯಾದದ್ದು 2014ರಲ್ಲಿ, ಅಂದರೆ ಮೂವತ್ತಮೂರು ವರ್ಷಗಳ ತರುವಾಯ!

ಆದರೆ ಕಸಬು ಬಲ್ಲವನಿಗೆಲ್ಲ ಜನರನ್ನು ನಡೆಸುವುದು ಬರುತ್ತದೆಯೆ? ಮುಂಬಯಿಯ ಗಿರಣಿಗಳಲ್ಲಿ ಒಂದು ಕಾಲಕ್ಕೆ ಯಂತ್ರ ಸರಿಪಡಿಸುವವನೂ ಜಾಬರನೇ, ಆಳು ಹಿಡಿಯುವವನೂ ತೆಗೆದುಹಾಕುವವನೂ ಜಾಬರನೇ. ಕೆಲಸ ಬೇಕಾದವನು ಅವನಿಗೆ ದಸ್ತೂರಿ ಕೊಡಬೇಕಾಗಿತ್ತು. 1935ರಲ್ಲಿ ಬದಲಿ ಕಾರ್ಮಿಕರ ನೇಮಕಕ್ಕೆ ನಿಯಮ ಬಂದ ಮೇಲೆಯೇ ಆ ದರ್ಬಾರು ಕೊಂಚ ಇಳಿಯಿತು.

ಅಮೆರಿಕದ ಐಬಿಎಂ ಕಂಪನಿ ಬೇರೊಂದು ದಾರಿ ಹುಡುಕಿತು. 1960ರ ದಶಕದ ಮೊದಲಲ್ಲಿ ಅದು 'ಫೆಲೋ' ಎಂಬ ಪದವಿಯನ್ನು ಏರ್ಪಡಿಸಿತು. ಮ್ಯಾನೇಜರನಾಗದೆ, ತನ್ನ ಕಸಬಿನಲ್ಲಿಯೇ ಇದ್ದು ತಂತ್ರಜ್ಞನೊಬ್ಬ ಏರಬಹುದಾದ ಅತ್ಯುಚ್ಚ ಸ್ಥಾನವದು. ಈ ಏರ್ಪಾಡು ನಮಗೆ ಬಹಳ ಹಿಡಿಸಿದೆ.

ಒಳ್ಳೆಯ ಭಟ್ಟರನ್ನು ಮ್ಯಾನೇಜರರನ್ನಾಗಿ ಮಾಡಿ, ಭಟ್ಟರನ್ನೂ ಕಳೆದುಕೊಂಡು ಮ್ಯಾನೇಜರರನ್ನೂ ಪಡೆಯದ ಹೋಟೆಲುಗಳು ಎಷ್ಟಿಲ್ಲ! ಸಾಂಬಾರಿನ ರುಚಿ ಕೆಟ್ಟಿತೆಂದು ಗಿರಾಕಿ ಗೊಣಗುತ್ತಾನೆ. ಲೆಕ್ಕ ಕೂಡಲಿಲ್ಲವೆಂದು ಯಜಮಾನ ಗದರುತ್ತಾನೆ. ಪಾಪ, ಭಟ್ಟರ ತಪ್ಪೇನು? ಸಂಬಳ ಹೆಚ್ಚಲು ಅವರಿಗೆ ಬೇರೆ ದಾರಿಯನ್ನೇ ಇಟ್ಟಿರಲಿಲ್ಲ.

ಕಂಪ್ಯೂಟರ್ ಕಂಪನಿ ಸೇರುವ ತರುಣರು ಮ್ಯಾನೇಜರಿಕೆ ಒಪ್ಪುವ ಮೊದಲು, ಕಸಬಿನಲ್ಲಿಯೇ ಮೇಲೇರಲು ಅಲ್ಲಿ ಮೆಟ್ಟಿಲುಂಟೆ ಎಂದು ವಿಚಾರಿಸಲಿ. ಹೋಟೆಲಿನ ಬಾಂಧವರಿಗೆ ನಮ್ಮ ಸೂಚನೆ ಇದು: ಹಿರಿಯ ಭಟ್ಟರಿಗೆ ಮ್ಯಾನೇಜರನ ಸರಿಸಮ ಸಂಬಳ, ಹುಡುಗರಿಗೆ ಕೆಲಸ ಕಲಿಸಿದ್ದಕ್ಕೆ ಬೇರೆ ಭತ್ಯೆ. ಮುಂದಿನ ವೇತನದ ಮಾತುಕತೆಯಲ್ಲಿ ಈ ಎರಡನ್ನೂ ಬೇಡಿಕೆಯ ಪಟ್ಟಿಗೆ ಸೇರಿಸತಕ್ಕದ್ದು.