ಹೊಸಬರ ಲಿನಕ್ಸ್‌ಗೆ ಕೆಟ್ಟ ದಿನದ ಪರೀಕ್ಷೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕಿಕೊಳ್ಳಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಹಾಗಾಗಿ ಹಳೆಯದಾದರೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆಲ್ಲ ಈಗ ಸಿಗುವ ಸಲಹೆ, ‘ಲಿನಕ್ಸ್ ಮಿಂಟ್ ಹಾಕಿಸಿ’ ಎಂಬುದು. ಅದಕ್ಕೆ ಕೊಡುವ ಕಾರಣಗಳು ಎರಡೇ: ನೋಡಲು ವಿಂಡೋಸ್‌ನಂತೆಯೇ ಇದೆ, ಇನ್‌ಸ್ಟಾಲ್ ಮಾಡುವುದು ಸಲೀಸು.

ಈ ಅಳತೆಗೋಲೇ ಸರಿಯಿಲ್ಲ. ಹೊಸಬರು ತಾವಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವುದು ಅಪರೂಪ. ಅಂಗಡಿಯವರೋ ಅಕ್ಕನ ಮಗನೋ ಹಾಕಿಕೊಟ್ಟು ಹೋಗುತ್ತಾರೆ. ಅವರು ಹೋದ ಮೇಲೆ ಒಂದು ದಿನ ಅಪ್‌ಡೇಟ್ ಆಗಿ ಪರದೆ ಕಪ್ಪಾಗುತ್ತದೆ, ಇಲ್ಲವೇ ವೈಫೈ ಮಾಯವಾಗುತ್ತದೆ. ಆಗ ಇವರ ಕೈಯಲ್ಲಿ ಏನಿದೆ ಎಂಬುದೇ ಮುಖ್ಯ ಪ್ರಶ್ನೆ. ವಿಮರ್ಶೆ ಬರೆಯುವ ತಜ್ಞರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಸಣ್ಣ ತೊಡಕು ಬಂದರೆ ಅವರು ಟರ್ಮಿನಲ್ ತೆರೆದು ಎರಡು ಕಮಾಂಡ್ ಕೊಟ್ಟು ಮುಂದೆ ಹೋಗಿರುತ್ತಾರೆ. ತೊಡಕು ಬಂದಿತ್ತೆಂಬುದೂ ನೆನಪಿರುವುದಿಲ್ಲ.

ನನಗೆ ಮಿಂಟ್ ಹಿಡಿಸಿರುವುದು ಈ ಕೆಟ್ಟ ದಿನದ ಲೆಕ್ಕದಲ್ಲಿ. 2017ರಲ್ಲಿ ಬಂದ 18.3 ಆವೃತ್ತಿಯಿಂದ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ಅದರೊಂದಿಗೇ ಬರುತ್ತಿದೆ. ದಿನಕ್ಕೋ ವಾರಕ್ಕೋ ಒಮ್ಮೆ ಅದು ಸಿಸ್ಟಂ ಫೈಲುಗಳ ಪ್ರತಿ ತೆಗೆದಿಟ್ಟುಕೊಳ್ಳುತ್ತದೆ. ಏನಾದರೂ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಕಂಪ್ಯೂಟರ್ ಏಳಲೇ ಇಲ್ಲವೆಂದರೆ ಇನ್‌ಸ್ಟಾಲ್ ಮಾಡಿದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಲ್ಲಿಂದಲೇ ಟೈಮ್‌ಶಿಫ್ಟ್ ತೆರೆದು ಸರಿಪಡಿಸಬಹುದು. ಒಂದು ಕಮಾಂಡನ್ನೂ ಟೈಪ್ ಮಾಡಬೇಕಿಲ್ಲ. ನಮ್ಮ ಫೋಟೊ, ಪತ್ರಗಳ ತಂಟೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ, ಅವುಗಳ ಬ್ಯಾಕಪ್ ಬೇರೆಯೇ ಆಗಬೇಕು. ಇಷ್ಟು ಒಳ್ಳೆಯ ಏರ್ಪಾಡಿನಲ್ಲೂ ಒಂದು ದೊಡ್ಡ ಕೊರತೆಯಿದೆ. ಅದನ್ನು ನಾವೇ ಒಮ್ಮೆ ಚಾಲೂ ಮಾಡಬೇಕು. ಮೊದಲ ಸಲ ಕಾಣುವ ಸ್ವಾಗತ ಪರದೆಯಲ್ಲಿ ಸೂಚನೆಯೇನೋ ಇದೆ. ಆದರೆ ಅಂಥ ಪರದೆಯನ್ನು ಓದದೆ ಮುಚ್ಚುವವರೇ ಹೊಸಬರು. ಹಾಕಿಕೊಡುವವರು ಎದ್ದು ಹೋಗುವ ಮುಂಚೆ ಅದನ್ನು ಚಾಲೂ ಮಾಡಿದರೇ ಎಂದು ನಾನು ಮೊದಲು ಕೇಳುತ್ತೇನೆ.

ವಿಂಡೋಸ್‌ನ ಹೋಲಿಕೆಗೂ ಬೆಲೆಯಿಲ್ಲ ಎನ್ನಲಾರೆ, ಆದರೆ ಅದರ ಬೆಲೆ ಬೇರೆ ಕಡೆ ಇದೆ. 2011ರಲ್ಲಿ ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ನ 3ನೇ ಆವೃತ್ತಿ ಬಂದಾಗ ಅದರ ರೂಪವೇ ಬದಲಾಯಿತು. ಆಗ ಕ್ಲೆಮೆಂಟ್ ಲೆಫೆಬ್ರ್ ಅವರ ಮಿಂಟ್ ತಂಡ ಸಿನಮನ್ ಎಂಬ ತನ್ನದೇ ಡೆಸ್ಕ್‌ಟಾಪ್ ಕಟ್ಟಿಕೊಂಡು, ಮೆನು, ಪ್ಯಾನೆಲ್‌ಗಳನ್ನು ಹಳೆಯ ಜಾಗದಲ್ಲೇ ಉಳಿಸಿತು. ಅರವತ್ತು ದಾಟಿ ಕಂಪ್ಯೂಟರ್ ಕಲಿತವರಿಗೆ ಕೈಗೆ ಬಂದ ರೂಢಿಯನ್ನು ಕೆಡಿಸದಿರುವುದೇ ದೊಡ್ಡ ಉಪಕಾರ.

ಇನ್ನು ಕನ್ನಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸೇರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಹೊಸ ಪಾಠ ಬೇಕಾಗುವುದಿಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಸಂಕಟ ಬರುವುದು ಹಳೆಯ ಫೈಲು ತೆರೆದಾಗ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬರೆದಿಟ್ಟ ಸಂಘದ ವರದಿ, ಲಿಬ್ರೆಆಫೀಸ್‌ನಲ್ಲಿ ಆ ಫಾಂಟ್ ಇಲ್ಲದೆ ತೆರೆದರೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ ಎಂದು ಹೇಳುವವರು ಪಕ್ಕದಲ್ಲಿಲ್ಲದಿದ್ದರೆ ‘ಲಿನಕ್ಸ್ ನನ್ನ ಫೈಲನ್ನೆಲ್ಲ ಹಾಳುಮಾಡಿತು’ ಎಂದೇ ಹೊಸಬರು ನಂಬುತ್ತಾರೆ. ಈ ತೊಂದರೆ ನಮ್ಮ ಹಳೆಯ ಫಾಂಟುಗಳಿಂದ ಬಂದದ್ದು, ಮಿಂಟ್‌ನಿಂದಲ್ಲ. ಆದರೂ ಕನ್ನಡಿಗರಿಗೆಂದು ವಿಮರ್ಶೆ ಬರೆಯುವವರು ಇದನ್ನು ಬಿಡುವಂತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಗಂತೂ ಮಿಂಟ್ ಬೇಡ ಎಂದು ನೇರವಾಗಿಯೇ ಹೇಳಬೇಕು; ಟ್ಯಾಲಿ ವಿಂಡೋಸ್‌ಗಾಗಿಯೇ ಮಾಡಿದ್ದು.

ನೆರವು ಎಲ್ಲಿ ಸಿಗುತ್ತದೆ ಎಂಬುದನ್ನೂ ಅಳತೆಗೆ ಸೇರಿಸಬೇಕು. ಮಿಂಟ್ ಬಳಕೆದಾರರ ನಡುವೆ ಸಿಗುವ ಉತ್ತರಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ, ಅದರಲ್ಲೂ ಟರ್ಮಿನಲ್‌ನ ಭಾಷೆಯಲ್ಲಿ ಇರುತ್ತವೆ. ಹೀಗೇ ಇರಬೇಕೆಂದೇನಿಲ್ಲ, ಕೇರಳವನ್ನು ನೋಡಿ. ಕೇರಳದ ಶಾಲೆಗಳು ಬಳಸುತ್ತಿರುವ ಗ್ನೂ ಲಿನಕ್ಸ್‌ಗೂ ಮಿಂಟ್‌ಗೂ ಬುನಾದಿ ಒಂದೇ, ಉಬುಂಟು ಎಂಬ ಲಿನಕ್ಸ್. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್ ಸಂಸ್ಥೆ, ತಂತ್ರಾಂಶ ಹಂಚುವುದರ ಜೊತೆಗೆ ಶಿಕ್ಷಕರಿಗೆ ತರಬೇತಿ ಕೊಟ್ಟಿತು, ಮಲಯಾಳವನ್ನೂ ಅಳವಡಿಸಿತು. ಕೆಟ್ಟ ದಿನ ಬಂದರೆ ಮಕ್ಕಳು ತಮ್ಮ ಮೇಷ್ಟರನ್ನು ತಮ್ಮ ಭಾಷೆಯಲ್ಲೇ ಕೇಳಬಹುದು.