ಕಲೆ ಕೈಕಟ್ಟಿ ಕೂತಿರಲಿಲ್ಲ

ಸಾಂಕ್ರಾಮಿಕದ ಕಾಲದಲ್ಲಿ ರಂಗಕಲೆಗೆ ಕೆಲಸವಿಲ್ಲ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಅದನ್ನು ಒಪ್ಪಲಾರೆ. 2020ರ ಮಾರ್ಚ್‌ನಲ್ಲಿ ಠಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರಗಳು ಮುಚ್ಚಿದ್ದು ನಿಜ. ಆದರೆ ಮುಚ್ಚಿದ್ದು ಸಭಾಂಗಣ, ಕಲೆಯಲ್ಲ.

ಅದೇ ಹೊತ್ತಿಗೆ ಕಾಸರಗೋಡಿನ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನ ಕೊರೊನಾ ಜಾಗೃತಿ ಯಕ್ಷಗಾನವನ್ನು ಚಿತ್ರೀಕರಿಸಿ ಜಾಲತಾಣಕ್ಕೆ ಬಿಟ್ಟಿತು. ಸರ್ಕಾರಿ ಸುತ್ತೋಲೆಗೆ ಕಿವಿಗೊಡದವರೂ ಚೆಂಡೆಯ ಪೆಟ್ಟಿಗೆ ಕಿವಿ ನಿಮಿರಿಸುತ್ತಾರೆ. ಆರೋಗ್ಯ ಇಲಾಖೆಗೆ ಬೇಕಾದದ್ದೂ ಅದೇ ಅಲ್ಲವೇ?

ರೋಗದ ಕಾಲದಲ್ಲಿ ಕಲೆ ಜನರ ನೆರವಿಗೆ ಬರುವುದು ಹೊಸದೂ ಅಲ್ಲ. ಮಳೆ, ಹಸಿವು, ರೋಗ ಒಟ್ಟಿಗೆ ಎರಗುತ್ತಿದ್ದ ಆಟಿ ತಿಂಗಳಲ್ಲಿ ತುಳುನಾಡಿನ ಮನೆಮನೆಗೂ ಮಾರಿ ಕಳೆಯಲು ಬರುತ್ತಿದ್ದವನು ಆಟಿ ಕಳೆಂಜ. ಅವನ ಕುಣಿತ ರೋಗಾಣುವನ್ನು ಕೊಲ್ಲಲಿಲ್ಲ. ಕಂಗಾಲಾದ ಮನೆಗೆ ಧೈರ್ಯ ಕೊಟ್ಟಿತು. ಠಾಣೆ, ನವಿಮುಂಬಯಿಯ ನಮ್ಮ ತುಳು-ಕನ್ನಡ ಸಂಘಗಳು ‘ಆಟಿಡೊಂಜಿ ದಿನ’ ಆಚರಿಸುವಾಗ ಪತ್ರೊಡೆಯ ಜತೆಗೆ ಈ ಅರ್ಥವನ್ನೂ ಬಡಿಸಬೇಕು.

ಕಲಾವಿದರು ತೆತ್ತ ಬೆಲೆಯ ಬಗ್ಗೆ ಆ ಲೇಖನದಲ್ಲಿ ಒಂದು ಸಾಲೂ ಇಲ್ಲ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆಯವರೆಗೆ ನಡೆಯಬೇಕಿದ್ದ ಯಕ್ಷಗಾನ ಮೇಳಗಳ ಸಂಚಾರ 2020ರ ಮಾರ್ಚ್‌ನಲ್ಲೇ ನಿಂತಿತು. ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ಪ್ರೊ. ಎಂ.ಎ. ಹೆಗಡೆ 2021ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ಬಲಿಯಾದರು. ಮಹಾರಾಷ್ಟ್ರದ ರಂಗಮಂದಿರಗಳು ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, ತೆರೆದದ್ದು 2021ರ ಅಕ್ಟೋಬರ್ 22ಕ್ಕೆ.

ಕಲೆ ಲಸಿಕೆಯಲ್ಲ. ಆದರೆ ಲಸಿಕೆಯ ಮೇಲೆ ನಂಬಿಕೆ ಹುಟ್ಟಿಸಲು ಜನರ ಭಾಷೆ ಬಲ್ಲವರು ಬೇಕು. ಮುಂದಿನ ಪಿಡುಗಿಗೆ ಕಾಯದೆ, ನಮ್ಮ ಮಹಾನಗರಪಾಲಿಕೆಗಳು ಕಲಾವಿದರನ್ನು ಆರೋಗ್ಯ ಪ್ರಚಾರಕ್ಕೆ ಸಂಭಾವನೆ ಕೊಟ್ಟು ಕರೆಯಲಿ. ನಿರುಪಯೋಗಿ ಎಂದು ಅವರನ್ನು ಬದಿಗೆ ಸರಿಸುವುದು ಅನ್ಯಾಯ.